ಬಾಯಿ ಬಿಡುವ ಮುನ್ನ

ಕಾಮದ ಸೆಳೆತ ಕೈಮೀರಿ ಹೋಗುತ್ತಿದೆ ಎಂದು ಒಬ್ಬನಿಗೆ ಅನ್ನಿಸತೊಡಗಿದಾಗ, ನಮ್ಮ ಊರುಗಳಲ್ಲಿ ಅವನ ಕಣ್ಣಿಗೆ ಮೊದಲು ಬೀಳುವುದು ಬಸ್ ನಿಲ್ದಾಣದ ಶೌಚಾಲಯದ ಗೋಡೆಗೆ ಅಂಟಿಸಿದ ಚೀಟಿ. ‘ಗುಪ್ತ ಸಮಸ್ಯೆಗಳಿಗೆ ಶಾಶ್ವತ ಪರಿಹಾರ’ ಎಂಬ ದಪ್ಪಕ್ಷರ, ಕೆಳಗೊಂದು ಮೊಬೈಲ್ ನಂಬರು, ಇಂಥ ವಾರ ಇಂಥ ಲಾಡ್ಜಿನಲ್ಲಿ ಭೇಟಿ ಎಂಬ ಒಕ್ಕಣೆ. ಅಲ್ಲಿ ಕೊಡುವ ಪುಡಿ, ಲೇಹ್ಯಗಳಿಂದ ಈ ತೊಂದರೆ ವಾಸಿಯಾಗದು. ಆದರೂ ಓದುಬರಹ ಬಲ್ಲವರೇ ಹುಡುಕಿಕೊಂಡು ಹೋಗುತ್ತಾರೆ, ಯಾಕೆಂದರೆ ಅಲ್ಲಿ ಯಾರೂ ಹೆಸರು ಕೇಳುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಾದರೆ ಹೆಸರು, ಊರು ಬರೆಸಿ ಚೀಟಿ ಮಾಡಿಸಬೇಕು, ಮಾನಸಿಕ ವಿಭಾಗದ ಮುಂದಿನ ಬೆಂಚಿನಲ್ಲಿ ಹತ್ತು ಜನರ ಎದುರು ಕೂರಬೇಕು. ರೋಗಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಏನೆಂದು ಆ ಲಾಡ್ಜಿನವನಿಗೆ ಚೆನ್ನಾಗಿ ಗೊತ್ತಿದೆ. ಅದನ್ನು ನಿಜವಾದ ವೈದ್ಯರೂ ಕೊಡಬೇಕು, ಈ ಕಾಯಿಲೆಯಲ್ಲಿ ಚಿಕಿತ್ಸೆ ಶುರುವಾಗುವುದೇ ಗೋಪ್ಯತೆಯಿಂದ ಎಂಬುದು ನನ್ನ ವಾದ.

ಕಾಯಿಲೆ ಎಂದದ್ದಕ್ಕೇ ಆಕ್ಷೇಪ ಬರಬಹುದು: ಚಪಲಕ್ಕೆ ವೈದ್ಯಶಾಸ್ತ್ರದ ರಕ್ಷೆ ಏಕೆ? ತಜ್ಞರಲ್ಲೂ ಒಮ್ಮತವಿರಲಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಗೆ ಇದನ್ನು ಸೇರಿಸಿಕೊಳ್ಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ 2022ರಿಂದ ಜಾರಿಗೆ ಬಂದ ಐಸಿಡಿ-11 ಎಂಬ ರೋಗಗಳ ಪಟ್ಟಿಯಲ್ಲಿ ಜಾಗ ಕೊಟ್ಟಿತು, ಅದೂ ಬಿಗಿಯಾದ ಷರತ್ತುಗಳೊಡನೆ. ಹತೋಟಿ ತಪ್ಪಿದ ನಡವಳಿಕೆ ಆರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲದಿಂದ ಇರಬೇಕು, ಕೆಲಸ, ಸಂಸಾರ, ಆರೋಗ್ಯ ಹಾಳಾಗುತ್ತಿದ್ದರೂ, ಸುಖ ಸಿಗದಿದ್ದರೂ ಬಿಡಲಾಗದಂತಿರಬೇಕು. ‘ನಾನು ಪಾಪ ಮಾಡುತ್ತಿದ್ದೇನೆ’ ಎಂಬ ಸಂಕಟವೊಂದೇ ಇದ್ದರೆ ಅದು ಕಾಯಿಲೆಯಲ್ಲ ಎಂದೂ ಅಲ್ಲಿ ಬರೆದಿದೆ. ಹಸ್ತಮೈಥುನದಿಂದ ಧಾತು ನಷ್ಟವಾಗುತ್ತದೆಂದು ಹೆದರಿ ಕೂತ ಹುಡುಗನಿಗೆ ಬೇಕಾದದ್ದು ಸರಿಯಾದ ತಿಳಿವಳಿಕೆ. ಸಾಲ ಮಾಡಿ, ಕೆಲಸ ಕಳೆದುಕೊಂಡು, ಮತ್ತೆ ಅದೇ ಚಾಳಿಗೆ ಮರಳುವವನ ಪಾಡು ಬೇರೆ. ಉನ್ಮಾದದ ಕಾಯಿಲೆಯಲ್ಲೂ ಕಾಮ ಕೆರಳುವುದುಂಟು, ಪಾರ್ಕಿನ್ಸನ್ ರೋಗದ ಕೆಲವು ಮಾತ್ರೆಗಳಿಂದಲೂ ಉಂಟು. ಇವನ್ನೆಲ್ಲ ಬಿಡಿಸಿ ಹೇಳುವ ರಕ್ತಪರೀಕ್ಷೆ ಇಲ್ಲ. ಎಷ್ಟು ಹೊತ್ತು, ಎಷ್ಟು ಹಣ, ಯಾರ ಜೊತೆ, ಅದಕ್ಕೆ ಮುಂಚೆ ಮನಸ್ಸು ಹೇಗಿತ್ತು ಎಂಬ ವಿವರಗಳೇ ಪರೀಕ್ಷೆ. ಮಾತು ಹೊರಗೆ ಹೋದೀತೆಂದು ಅರ್ಧ ನುಂಗಿಕೊಂಡರೆ ಎಂಥ ನುರಿತ ವೈದ್ಯರೂ ತಪ್ಪು ದಾರಿ ಹಿಡಿಯುತ್ತಾರೆ. ಹೆಂಗಸರಲ್ಲೂ ಈ ತೊಂದರೆ ಇದೆ, ಅವರಿಗೆ ಬಾಯಿ ಬಿಡುವುದು ಇನ್ನೂ ಕಷ್ಟ.

ಗುಟ್ಟಿನಿಂದಲೇ ಬೆಳೆದ ಕಾಯಿಲೆಗೆ ಇನ್ನೊಂದು ಗುಟ್ಟು ಮದ್ದಾದೀತೇ ಎಂದು ಕೇಳುವವರಿದ್ದಾರೆ. ಒಬ್ಬನೇ ಬಚ್ಚಿಟ್ಟುಕೊಂಡದ್ದು ಕೊಳೆಯುತ್ತದೆ, ನಿಜ. ಆದರೆ ಚಿಕಿತ್ಸಕರ ಎದುರು ಆಡಿದ ಮಾತಿಗೆ ಆಗಲೇ ಇನ್ನೊಬ್ಬ ಸಾಕ್ಷಿ ಇದ್ದಾರೆ, ಅಲ್ಲಿ ಸುಳ್ಳು ಹೇಳುವ ಅಗತ್ಯ ಕಡಿಮೆ. ವರ್ತನೆ ತಿದ್ದುವ ಚಿಕಿತ್ಸೆಯಲ್ಲಿ ಸೆಳೆತ ಎದ್ದ ಹೊತ್ತನ್ನೆಲ್ಲ ಬರೆದಿಡಲು ಹೇಳುವುದುಂಟು: ಸಂಬಳದ ದಿನ, ಮನೆಯಲ್ಲಿ ಜಗಳವಾದ ರಾತ್ರಿ, ಒಬ್ಬನೇ ಉಳಿದ ಭಾನುವಾರ. ಆ ಹಾಳೆ ಬೇರೆಯವರ ಕೈಗೆ ಸಿಗುವುದಿಲ್ಲವೆಂಬ ನಂಬಿಕೆಯಿಲ್ಲದೆ ಯಾರು ತಾನೇ ಬರೆದಾರು?

ತಳ್ಳಿಹಾಕಲಾಗದ ಆಕ್ಷೇಪ ಹೆಂಡತಿಯದು. ಗಂಡನ ನಡತೆಯಿಂದ ತನಗೆ ರೋಗ ತಗಲಬಹುದು, ಮನೆಯ ಹಣ ಕರಗಬಹುದು. ಆಕೆಗೆ ತಿಳಿಯುವ ಹಕ್ಕಿಲ್ಲವೇ? ಇದೆ. ಆದರೆ ತಿಳಿಸಬೇಕಾದವನು ಗಂಡ, ಅವನನ್ನು ಆ ಮಟ್ಟಕ್ಕೆ ತರುವುದು ಚಿಕಿತ್ಸಕರ ಕೆಲಸ. ಲೈಂಗಿಕ ರೋಗಗಳ ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂದು ಅವರು ಪಟ್ಟು ಹಿಡಿಯಬೇಕು, ಅವನು ಒಪ್ಪಿದಾಗ ಇಬ್ಬರನ್ನೂ ಕೂರಿಸಿ ಮಾತಾಡಿಸಬೇಕು. ಅವನ ಬೆನ್ನ ಹಿಂದೆ ಆಕೆಗೆ ಫೋನು ಮಾಡಿದರೆ ಅವನು ಮುಂದಿನ ವಾರ ಬರುವುದಿಲ್ಲ, ಆಕೆಯ ಅಪಾಯವೂ ತಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ, ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಬೇಕಾದಾಗ ವಿನಾಯಿತಿಯನ್ನೂ ಇಡುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು, ಅಲ್ಲಿ ಗೋಪ್ಯತೆಯ ಮಾತು ನಡೆಯುವುದಿಲ್ಲ, ನಡೆಯಲೂಬಾರದು. ಈ ಎಲ್ಲೆಗಳನ್ನು ಮೊದಲ ಭೇಟಿಯಲ್ಲೇ ಬಿಚ್ಚಿ ಹೇಳಿದರೆ ರೋಗಿಗೆ ವಂಚನೆಯಾಗುವುದಿಲ್ಲ.

ಕಾಯ್ದೆ ಹೀಗಿದ್ದರೂ ಗುಟ್ಟು ಒಡೆಯುವುದು ಎಷ್ಟೋ ಸಲ ವೈದ್ಯರ ಕೋಣೆಯ ಹೊರಗೆ. ಬಾಗಿಲಲ್ಲಿ ನಿಂತ ಅಟೆಂಡರ್ ಹೆಸರು ಕೂಗುತ್ತಾನೆ. ಬೀಗ ಹಾಕದ ಕಪಾಟಿನಲ್ಲಿ ಫೈಲು ಬಿದ್ದಿರುತ್ತದೆ. ‘ನಾಳೆ ನಿಮ್ಮ ಅಪಾಯಿಂಟ್‌ಮೆಂಟ್’ ಎಂಬ ಸಂದೇಶ ಮಗಳು ಆಟವಾಡುತ್ತಿರುವ ಮನೆಯ ಮೊಬೈಲಿಗೆ ಬಂದು ಬೀಳುತ್ತದೆ. ಹಗಲು ರಾತ್ರಿ ಕನ್ನಡದಲ್ಲೂ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ 2022ರಿಂದ ಇದೆ. ಮೊದಲ ಮಾತಿಗೆ ಅದು ಒಳ್ಳೆಯ ಬಾಗಿಲು. ಆದರೆ ತಿಂಗಳುಗಟ್ಟಲೆ ನಡೆಯಬೇಕಾದ ಚಿಕಿತ್ಸೆಗೆ ಮನುಷ್ಯ ಆಸ್ಪತ್ರೆಗೆ ಬರಲೇಬೇಕು. ಹೆಸರಿನ ಬದಲು ಟೋಕನ್ ಸಂಖ್ಯೆ ಕೂಗುವುದಕ್ಕೆ, ಯಾವ ನಂಬರಿಗೆ ಫೋನು ಮಾಡಲಿ ಎಂದು ಕೇಳಿ ಬರೆದುಕೊಳ್ಳುವುದಕ್ಕೆ, ಕಪಾಟಿಗೊಂದು ಬೀಗ ಹಾಕುವುದಕ್ಕೆ ಯಾವ ಆಸ್ಪತ್ರೆಯೂ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ.