ಕಿಡಿಯೋ, ಪೆಟ್ರೋಲೋ?

ಅಪ್ಪ ನಮಗೆ ಬಿಟ್ಟುಹೋದದ್ದು ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಬಂಡಿ. ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಕಟ್ಟಿದ್ದು ಈ ಹೆರಾಲ್ಡಿನ ಚಾಸಿಯ ಮೇಲೆಯೇ.

ತೇನಿ, ದಿಂಡಿಗಲ್ ಅಂತ ಬಯಲಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಕಂಬಂನಿಂದ ಲೋವರ್ ಕ್ಯಾಂಪ್ ದಾಟಿ ಕುಮಿಳಿ ಘಾಟಿ ಹತ್ತುವಾಗ ಮಾತ್ರ ನಿಂತುಬಿಡೋದು. ಅರ್ಧ ಗಂಟೆ ಬಿಟ್ಟರೆ ಮತ್ತೆ ಹೊರಡೋದು. ಗ್ಯಾರೇಜಿನವರು ಕಾರ್ಬುರೇಟರ್, ಕಾಯಿಲ್ ಎರಡೂ ಬದಲಿಸಬೇಕು ಅಂದರು. ಖರ್ಚು ಕೇಳಿ ಅಣ್ಣ, "ಗುಜರಿಗೆ ಹಾಕಿಬಿಡೋಣಪ್ಪ" ಅಂದ. ನನಗೆ ಮನಸ್ಸು ಒಪ್ಪಲಿಲ್ಲ.

ನಿಂತ ಹಳೇ ಇಂಜಿನ್ನನ್ನು ಮೊದಲು ಕೇಳಬೇಕಾದದ್ದು ಎರಡೇ: ಕಿಡಿ ಇದೆಯಾ? ಪೆಟ್ರೋಲ್ ಬರ್ತಿದೆಯಾ? ಘಾಟಿಯಲ್ಲೇ ಪ್ಲಗ್ ಬಿಚ್ಚಿ, ಎಲ್ಲೂ ಪೆಟ್ರೋಲ್ ಸೋರಿಲ್ಲವೆಂದು ನೋಡಿಕೊಂಡು, ವೈರಿಗೆ ಸಿಕ್ಕಿಸಿ ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿದೆ. ಅಣ್ಣ ಸ್ಟಾರ್ಟರ್ ಹೊಡೆದ. ನೀಲಿ ಕಿಡಿ ಹಾರಿತು. ಕಾಯಿಲ್ ಸರಿಯಿತ್ತು. ಪ್ಲಗ್ ಹಾಕಿ, ಪೆಟ್ರೋಲ್ ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತಿದೆ. ಐದೇ ನಿಮಿಷ, ಇಂಜಿನ್ ಹಿಡಿಯಿತು.

ಕಾರಣ ಸರಳ. ಏರಿನಲ್ಲಿ ಇಂಜಿನ್ ಜಾಸ್ತಿ ದುಡಿಯುತ್ತೆ, ನಿಧಾನ ಹೋಗೋದರಿಂದ ಗಾಳಿ ಕಡಿಮೆ. ಕಾದ ಪೈಪಿನೊಳಗೆ ಪೆಟ್ರೋಲ್ ಆವಿಯಾಗುತ್ತೆ. ಪಂಪು ಪೆಟ್ರೋಲನ್ನು ಎಳೆಯುತ್ತೆ, ಆವಿ ಅದರ ಹಿಡಿತಕ್ಕೆ ಸಿಗೋದಿಲ್ಲ.

ಪೈಪನ್ನು ಸೈಲೆನ್ಸರಿನ ಕಡೆಯಿಂದ ದೂರ ಸರಿಸಿ, ನಡುವೆ ಒಂದು ತಗಡು ಅಡ್ಡ ಕಟ್ಟಿಸಿದೆವು. ಹೊಸ ಸಾಮಾನು ಒಂದೂ ಹಾಕಲಿಲ್ಲ. ಬದಲಿಸುವ ಮೊದಲು ಒಂದೊಂದನ್ನೇ ಪರೀಕ್ಷಿಸಿದರೆ ರೋಗ ತಾನೇ ಹೆಸರು ಹೇಳುತ್ತೆ.

ಈಗ ಅಣ್ಣ ಗುಜರಿಯ ಮಾತು ಎತ್ತುವುದಿಲ್ಲ. ಬಂಡಿ ಕೇಳೋಕೆ ಬಂದವರನ್ನೂ ಅವನೇ ವಾಪಸ್ ಕಳಿಸ್ತಾನೆ.