ಬಿಟ್ಟ ಸಾಲ

ಕಳೆದ ವರ್ಷ ನಮ್ಮ ತರಗತಿಯವರು ಬೇಲೂರು ಹಳೇಬೀಡುಗಳ ಪ್ರವಾಸಕ್ಕೆ ಹೊರಟಾಗ ಹಣದ ಲೆಕ್ಕ ನನ್ನ ಕೈಯಲ್ಲಿತ್ತು. ಅದರಲ್ಲಿ ಐನೂರು ರೂಪಾಯಿಯನ್ನು ನಾನು ಸ್ವಂತಕ್ಕೆ ಬಳಸಿಕೊಂಡಿದ್ದೆನು. 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ಗುಡಿಯಲ್ಲಿ ಗೆಳೆಯರೆಲ್ಲ ತಲೆಯೆತ್ತಿ ಮದನಿಕೆಯರನ್ನು ನೋಡುತ್ತಿದ್ದರೆ ನನ್ನ ದೃಷ್ಟಿ ನೆಲದ ಮೇಲಿತ್ತು. ಹಳೇಬೀಡಿನ ಗುಡಿಯ ಜಗತಿಯ ಮೇಲೆ ಕುಳಿತಿದ್ದಾಗ, ಕ್ರೈಸ್ತರಾದ ನಮ್ಮ ಮೇಷ್ಟರೊಬ್ಬರಲ್ಲಿ ತಪ್ಪನ್ನು ಒಪ್ಪಿಕೊಂಡೆನು. ಅವರು ಬೈಯಲಿಲ್ಲ. ಕೊರತೆಯನ್ನು ತಾವೇ ತುಂಬಿ, "ಇದು ಇಲ್ಲಿಗೆ ಮುಗಿಯಿತಪ್ಪ" ಎಂದರು.

ಏಕೆ ಹೀಗೆ ಮಾಡಿದಿರೆಂದು ಕೇಳಿದಾಗ ಲೂಕನ ಸುವಾರ್ತೆಯ 7ನೆಯ ಅಧ್ಯಾಯದ ಪ್ರಸಂಗವನ್ನು ಹೇಳಿದರು. ಒಬ್ಬನಿಗೆ 500 ದಿನಾರಿ ಸಾಲ, ಇನ್ನೊಬ್ಬನಿಗೆ 50. ಒಂದು ದಿನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಸಾಲಗಾರ ಧಣಿ ಇಬ್ಬರ ಸಾಲವನ್ನೂ ಬಿಟ್ಟನು. ಅವನನ್ನು ಹೆಚ್ಚು ಪ್ರೀತಿಸುವವರು ಯಾರು? ಕಣ್ಣೀರಿನಿಂದ ತನ್ನ ಪಾದ ತೊಳೆದ ಹೆಂಗಸನ್ನು ಸೀಮೋನನು ಮನಸ್ಸಿನಲ್ಲೇ ಹಳಿದಾಗ ಯೇಸು ಕೇಳಿದ ಪ್ರಶ್ನೆಯಿದು. ಊಟಕ್ಕೆ ಕರೆದ ಸೀಮೋನ ಕಾಲಿಗೆ ನೀರನ್ನೂ ಕೊಟ್ಟಿರಲಿಲ್ಲ. ಅವಳಾದರೋ ಸುಗಂಧತೈಲವನ್ನೇ ಹಚ್ಚಿದಳು.

ಸಂಜೆ ಅರಸೀಕೆರೆ ಜಂಕ್ಷನ್ನಿನಲ್ಲಿ ಅಪರಿಚಿತ ಹುಡುಗನೊಬ್ಬ ಟಿಕೆಟ್ಟಿನ ದುಡ್ಡು ಕಳೆದುಕೊಂಡು ಪೆಚ್ಚಾಗಿ ನಿಂತಿದ್ದನು. ಹಿಂದಿನ ನಾನಾಗಿದ್ದರೆ ಮುಖ ತಿರುಗಿಸುತ್ತಿದ್ದೆನು. ಅಂದು ಊಟಕ್ಕೆಂದು ಮನೆಯಲ್ಲಿ ಕೊಟ್ಟಿದ್ದ ಹಣವನ್ನು ಅವನ ಕೈಯಲ್ಲಿಟ್ಟೆನು.

ಕ್ಷಮೆಯೆಂದರೆ ಶಿಕ್ಷೆ ತಪ್ಪುವುದೆಂದು ನಾನು ತಿಳಿದಿದ್ದೆನು. ಅದು ಕೊಡುವ ಬುದ್ಧಿಯನ್ನೂ ಕಲಿಸುವುದೆಂದು ಆ ರಾತ್ರಿ, ಹಸಿದ ಹೊಟ್ಟೆಯಲ್ಲಿ, ನನಗೆ ತಿಳಿಯಿತು.