ನೆರೆಮನೆಯಲ್ಲಿಟ್ಟ ಕೀಲಿಕೈ

ಮನೆಯ ಇನ್ನೊಂದು ಕೀಲಿಕೈಯನ್ನು ನೆರೆಮನೆಯಲ್ಲಿಡುವುದು ಮುಂಬಯಿಯ ವಾಡಿಕೆ. ಗಂಡ ಹೆಂಡತಿ ಇಬ್ಬರೂ ಬೆಳಗಿನ ಲೋಕಲ್ ಹಿಡಿದು ಹೊರಟರೆ ಶಾಲೆಯಿಂದ ಮರಳುವ ಮಗುವಿಗೆ ಅದೇ ಆಸರೆ. ಬೀಗವನ್ನು ನಂಬಿದಷ್ಟೇ ನೆರೆಯನ್ನೂ ನಂಬಿ ಬದುಕುವ ನಾವು, ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಬೀಗವೊಂದನ್ನೇ ನೆಚ್ಚಿಕೊಳ್ಳುತ್ತೇವೆ.

ಡೊಂಬಿವಲಿಯ ನಮ್ಮ ಕಟ್ಟಡದ ಹಿರಿಯರೊಬ್ಬರು ನಿವೃತ್ತಿಯ ಬಳಿಕ ಉಡುಪಿ ಕಡೆಯ ತಮ್ಮ ಬಾಲ್ಯವನ್ನು ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದರು. ಮರೆವಿನ ಕಾಯಿಲೆ ಆವರಿಸಿತು. ಊರಿನ ಮದಗ, ಗದ್ದೆಯ ಬದುಗಳು ಉಳಿದವು, ಪಾಸ್‌ವರ್ಡ್ ಅಳಿಸಿಹೋಯಿತು. ಫಾರ್ಮ್ಯಾಟ್ ಮಾಡಿದರೆ ಹೊಸದರಂತಾಗುತ್ತದೆ ಎಂದನಂತೆ ರಿಪೇರಿ ಅಂಗಡಿಯವನು. “ಮೆಷೀನು ಹೊಸತಾಗಿ ಏನು ಮಾಡುವುದು ಮಾರಾಯ್ರೆ, ಒಳಗಿದ್ದದ್ದು ಬೇಕಲ್ಲ?” ಎನ್ನುತ್ತ ಅವರ ಪತ್ನಿ ಅದನ್ನು ನಮ್ಮ ಮನೆಗೆ ತಂದರು.

ಮರೆತ ಗುಟ್ಟನ್ನು ಯಂತ್ರವೇ ಹೇಳಬಾರದೇಕೆ ಎಂಬುದು ಅವರ ಪ್ರಶ್ನೆ. ಯಂತ್ರಕ್ಕೂ ಅದು ಗೊತ್ತಿಲ್ಲವೆಂಬುದೇ ಉತ್ತರ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ, ಹಲವರು ಹಂಚಿಕೊಳ್ಳುವ ಕಂಪ್ಯೂಟರಿಗೆ ಫರ್ನಾಂಡೊ ಕಾರ್ಬಟೊ ಅವರ ತಂಡ ಪಾಸ್‌ವರ್ಡ್ ಅಳವಡಿಸಿದಾಗ ಎಲ್ಲರ ಗುಟ್ಟೂ ಒಂದೇ ಕಡತದಲ್ಲಿತ್ತು. ಹೆಚ್ಚು ಸಮಯ ಬೇಕಾಗಿದ್ದ ಆಲನ್ ಶೆರ್ ಎಂಬ ಸಂಶೋಧಕ 1962ರಲ್ಲಿ ಆ ಕಡತವನ್ನೇ ಮುದ್ರಿಸಿಕೊಂಡುಬಿಟ್ಟ! ಮುಂದೆ ಗುಟ್ಟಿನ ಬದಲು ಅದನ್ನು ಅರೆದ ಪುಡಿಯಷ್ಟನ್ನೇ ಇಡುವ ಪದ್ಧತಿ ಬಂದಿತು. ಹಿಟ್ಟಿನಿಂದ ಅಕ್ಕಿ ಮರಳಿ ಬಾರದಂತೆ, ಅದರಿಂದ ಪಾಸ್‌ವರ್ಡನ್ನು ಹಿಂದೆ ಪಡೆಯಲಾಗದು. ಆದ್ದರಿಂದ ಮರೆತದ್ದು ಸಿಗುವುದಿಲ್ಲ. ನಾವು ನಾವೇ ಎಂದು ರುಜುವಾತಾದರೆ ಹೊಸದನ್ನು ಇಟ್ಟುಕೊಳ್ಳಬಹುದು, ಅಷ್ಟೆ. ಡಿಸ್ಕನ್ನು ಬಿಚ್ಚಿ ಬೇರೆಡೆ ಓದೋಣವೆಂದರೆ, ಇಂದಿನ ಅನೇಕ ವಿಂಡೋಸ್ ಯಂತ್ರಗಳಲ್ಲಿ ಅದೂ ಗೂಢಲಿಪಿಯಲ್ಲಿರುತ್ತದೆ. ತೆರೆಯಲು 48 ಅಂಕಿಗಳ ಮರುಪಡೆಯುವಿಕೆ ಕೀಲಿ ಬೇಕು.

ಪರದೆಯ ಮೇಲೆ ಅವರ ಮಿಂಚಂಚೆ ವಿಳಾಸ ಕಾಣುತ್ತಿತ್ತು. ಅಂದರೆ ಪ್ರವೇಶಕ್ಕೆ ಅವರು ಬಳಸಿದ್ದು ಮೈಕ್ರೋಸಾಫ್ಟ್ ಖಾತೆ. “ತೆರೆಯಬಹುದೇ?” ಎಂದು ಹಿರಿಯರನ್ನೇ ಕೇಳಿದೆವು, ತಲೆಯಾಡಿಸಿದರು. ನಮ್ಮ ಫೋನಿನಿಂದ ಆ ಖಾತೆಯ ಪಾಸ್‌ವರ್ಡ್ ಬದಲಿಸಲು ಕೋರಿದಾಗ, ಪರಿಶೀಲನೆಯ ಸಂಕೇತವನ್ನು ಕಳುಹಿಸಬೇಕಾದ ಮೊಬೈಲಿನ ಕೊನೆಯ ಅಂಕಿಗಳಷ್ಟೇ ಕಂಡವು. ಅವು ಅವರ ಪತ್ನಿಯ ನಂಬರಿನ ಅಂಕಿಗಳು. ಎಂದೋ ಒಂದು ದಿನ, ತಮ್ಮ ನಂಬರನ್ನು ಬಿಟ್ಟು ಅವರು ಅದನ್ನೇ ಕೊಟ್ಟಿದ್ದರು. ಕ್ಷಣದಲ್ಲಿ ಆಕೆಯ ಫೋನು ಸದ್ದು ಮಾಡಿತು. ಹೊಸ ಪಾಸ್‌ವರ್ಡ್ ಇಟ್ಟು, ಲ್ಯಾಪ್‌ಟಾಪನ್ನು ಇಂಟರ್ನೆಟ್ಟಿಗೆ ಜೋಡಿಸಿ ನಮೂದಿಸಿದೊಡನೆ ಬಾಗಿಲು ತೆರೆಯಿತು. ಕಡತಗಳು ಇದ್ದಲ್ಲೇ ಇದ್ದವು.

ಕಳ್ಳನಿಗೆ ಹೆದರಿ ಬೀಗ ಹಾಕುವ ನಾವು ಮರೆವಿಗೂ ಮರಣಕ್ಕೂ ಸಿದ್ಧರಾಗಿರುವುದಿಲ್ಲ. ಮರುಪಡೆಯುವಿಕೆಗೆ ನಂಬಿದವರ ನಂಬರೊಂದನ್ನು ಸೇರಿಸುವುದು, ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಮನೆಯ ದಾಖಲೆಗಳೊಡನೆ ಇಡುವುದು ಹತ್ತು ನಿಮಿಷದ ಕೆಲಸ.

ಆ ಸಂಜೆ ಆಕೆ ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. ಹಿರಿಯರು ಪರರ ಕಥೆಯೆಂಬಂತೆ ಕೇಳುತ್ತಿದ್ದರು. ಕಣ್ಣೊರೆಸಿಕೊಳ್ಳಲು ಆಕೆ ನಿಲ್ಲಿಸಿದಾಗ, ಮುಂದಿನ ವಾಕ್ಯವನ್ನು ಅವರೇ ಹೇಳಿದರು.